ಮನೆ ಶಿಶುಪಾಲನಾ ಕೇಂದ್ರಗಳ ಸಹಾಯಧನ ಮತ್ತು ತೆರಿಗೆ (ಅಮೇರಿಕ ಸಂಯುಕ್ತ ಸಂಸ್ಥಾನ)

ಅಮೇರಿಕ ಸಂಯುಕ್ತ ಸಂಸ್ಥಾನದಲ್ಲಿ ತಮ್ಮ ಮನೆಯಲ್ಲಿಯೇ ಇತರರ ಮಕ್ಕಳನ್ನು ನೋಡಿಕೊಳ್ಳುವವರು ತೆರಿಗೆ ಕಾನೂನಿನ ದೃಷ್ಟಿಯಲ್ಲಿ ಸಾಮಾನ್ಯವಾಗಿ ಸ್ವಯಂ ಉದ್ಯೋಗಿಗಳು. ಕಡಿಮೆ ಆದಾಯದ ಕುಟುಂಬಗಳ ಪರವಾಗಿ ಸರ್ಕಾರವು ಇವರಿಗೆ ಪಾವತಿಸುವ ಸಹಾಯಧನವು, ಪೋಷಕರು ಕೊಡುವ ಶುಲ್ಕದಂತೆಯೇ, ತೆರಿಗೆಗೆ ಒಳಪಡುವ ಆದಾಯವಾಗಿದೆ. ಹೆಸರು ಸಹಾಯಧನವಾದರೂ ಸಹಾಯ ದೊರೆಯುವುದು ಮಗುವಿನ ಕುಟುಂಬಕ್ಕೆ; ಪಾಲಕರಿಗೆ ಅದು ದುಡಿಮೆಯ ಪ್ರತಿಫಲ. ಇದನ್ನು 1040ನೇ ನಮೂನೆಯ 'ಷೆಡ್ಯೂಲ್ ಸಿ'ಯಲ್ಲಿ ತೋರಿಸಬೇಕು. ಸಂಬಳದಂತೆ ಇದರಲ್ಲಿ ಸಾಮಾನ್ಯವಾಗಿ ತೆರಿಗೆ ಮೊದಲೇ ಕಡಿತವಾಗಿರುವುದಿಲ್ಲ. ನಿವ್ವಳ ಗಳಿಕೆ 400 ಡಾಲರ್ ಮುಟ್ಟಿದರೆ, ಅದರ 92.35 ಶೇಕಡಾ ಭಾಗದ ಮೇಲೆ 15.3 ಶೇಕಡಾ ಸ್ವಯಂ ಉದ್ಯೋಗ ತೆರಿಗೆಯೂ ಬೀಳುತ್ತದೆ. ಹೀಗಾಗಿ ಸಣ್ಣ ಕೇಂದ್ರಗಳಿಗೆ ಖರ್ಚಿನ ಲೆಕ್ಕವೇ ಮುಖ್ಯವಾಗುತ್ತದೆ.

ಮಕ್ಕಳ ಊಟಕ್ಕೆ 'ಚೈಲ್ಡ್ ಅಂಡ್ ಅಡಲ್ಟ್ ಕೇರ್ ಫುಡ್ ಪ್ರೋಗ್ರಾಂ' ಮರುಪಾವತಿ ನೀಡುತ್ತದೆ. ಇತರರ ಮಕ್ಕಳಿಗಾಗಿ ಬಂದ ಹಣ ಆದಾಯಕ್ಕೆ ಸೇರುತ್ತದೆ, ಅವರ ಆಹಾರದ ವೆಚ್ಚವನ್ನು ಕಳೆಯಬಹುದು. ಸ್ವಂತ ಮಗುವಿಗಾಗಿ ಬಂದ ಹಣ ಆದಾಯವಲ್ಲ; ಆ ಮಗುವಿನ ಊಟದ ಖರ್ಚನ್ನು ಕಳೆಯುವಂತೆಯೂ ಇಲ್ಲ. ರಸೀದಿಗಳ ಬದಲು ನಿಗದಿತ ದರವನ್ನು ಬಳಸುವವರು ಮಕ್ಕಳ ಹೆಸರು, ಹಾಜರಿ ಮತ್ತು ಊಟಗಳ ದಾಖಲೆ ಇಡಬೇಕು.

ಮನೆಯ ವೆಚ್ಚದಲ್ಲಿ ಇವರಿಗೆ ವಿಶೇಷ ರಿಯಾಯಿತಿಯಿದೆ. ಪರವಾನಗಿಯುಳ್ಳ ಅಥವಾ ಅದರಿಂದ ವಿನಾಯಿತಿ ಪಡೆದ ಕೇಂದ್ರದಲ್ಲಿ, ಕುಟುಂಬವೂ ಬಳಸುವ ಕೋಣೆಯನ್ನು ನಿಯಮಿತವಾಗಿ ಬಳಸಿದರೆ ಸಾಕು. ಮನೆಯ ಅರ್ಧ ಭಾಗವನ್ನು ವರ್ಷದ 8,760 ಗಂಟೆಗಳಲ್ಲಿ 2,628 ಗಂಟೆ ಬಳಸಿದರೆ, ಬಾಡಿಗೆ, ವಿದ್ಯುತ್ ಮುಂತಾದವುಗಳ 15 ಶೇಕಡಾ ಲೆಕ್ಕಕ್ಕೆ ಸಿಗುತ್ತದೆ. ಮಕ್ಕಳು ಹೋದ ನಂತರ ಗುಡಿಸಿ ಒರೆಸುವ ಸಮಯವೂ ಇದರಲ್ಲಿ ಸೇರುತ್ತದೆ.

ಸರ್ಕಾರ ಭರಿಸಿದ ಮೊತ್ತದ ಮೇಲೆ ಪೋಷಕರು ಶಿಶುಪಾಲನಾ ತೆರಿಗೆ ರಿಯಾಯಿತಿ ಕೇಳುವಂತಿಲ್ಲ.