ಹಾಲು ಕೊಡದವಕ್ಕೇ ಬೇಣ

ಶಿರಸಿ ಸೀಮೆಯ ಒಂದು ಅಡಿಕೆ ತೋಟದ ಮನೆ. ಅಂಗಳ ದಾಟಿ ಹಿತ್ತಿಲಿಗೆ ಬಂದರೆ ಮೊದಲು ಸಿಗುವುದು ಕೊಟ್ಟಿಗೆ. ಒಳಗೆ ಮೂರು ಕರೆಯುವ ಹಸುಗಳು ಕಟ್ಟಿಕೊಂಡೇ ಇವೆ. ಕಾಲಡಿ ಸೊಪ್ಪು, ಮುಂದೆ ಹೆಚ್ಚಿ ಹಾಕಿದ ನೇಪಿಯರ್ ಹುಲ್ಲು. ಹಾಸಿದ ಸೊಪ್ಪು ಸೊಪ್ಪಿನ ಬೆಟ್ಟದಿಂದ ಬಂದದ್ದು. ಬ್ರಿಟಿಷರ ಕಾಲದಿಂದಲೂ ಈ ಕಡೆ ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಬಿಟ್ಟುಕೊಡುವ ಪದ್ಧತಿ ಇದೆ. ಆ ಸೊಪ್ಪೇ ಸಗಣಿ ಬೆರೆತು ಗೊಬ್ಬರವಾಗಿ ಅಡಿಕೆ ಬುಡಕ್ಕೆ ಹೋಗುತ್ತದೆ.

ಕೊಟ್ಟಿಗೆಯ ಕೊನೆಯಲ್ಲಿ ನಾಲ್ಕು ಗೂಟ ಖಾಲಿ. ಅಲ್ಲಿನ ಕಡಸುಗಳು ಬೇಣಕ್ಕೆ, ಅಂದರೆ ಮೇಲಿನ ಹುಲ್ಲುಗಾವಲಿಗೆ, ಹೋಗಿವೆ ಎಂದರು ಮನೆಯ ಅಮ್ಮ. ಅವನ್ನು ನೋಡಲೆಂದೇ ಬಂದದ್ದು, ಹಾಗಾಗಿ ಹಿಂದಿನ ಏರು ಹತ್ತಿದೆ.

ದಾರಿಗೆ ಅಡ್ಡ ಉಣಗೋಲು. ಎರಡು ಕಂಬ, ಅವುಗಳ ತೂತಿನಲ್ಲಿ ತೂರಿಸಿದ ಮೂರು ಬಿದಿರಿನ ಗಳ. ಎರಡನ್ನು ಸರಿಸಿ, ಮೂರನೆಯದನ್ನು ದಾಟಿ, ಮತ್ತೆ ಎರಡನ್ನೂ ಸರಿಯಾಗಿ ತೂರಿಸಿದೆ. ಕೆಳಗೆ ಬಾಳೆ ತೋಟವಿದೆ. ಇಲ್ಲಿ ಸಡಿಲ ಬಿಟ್ಟರೆ ಏನಾದೀತೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಮೇಲೆ ಬೇಣ. ಮಳೆ ಹಿಂದೆಗೆದ ಹೊಸತು, ಕರಡ ಮೊಣಕಾಲಿಗೆ ಬಂದಿದೆ. ಅಂಚಿನಲ್ಲಿ ಯುಪಟೋರಿಯಂ ಪೊದೆ ಹಬ್ಬಿದ್ದು, ಅದಕ್ಕೆ ಯಾವ ದನವೂ ಬಾಯಿ ಹಾಕಿದಂತೆ ಕಾಣಲಿಲ್ಲ. ಹಳೆಯ ಸಗಣಿಯ ಸುತ್ತಲ ಹುಲ್ಲೂ ಹಾಗೇ ಉಳಿದಿದೆ, ಹಸಿರು ದ್ವೀಪಗಳ ಹಾಗೆ. ತಮ್ಮ ಸಗಣಿ ಬಿದ್ದ ಜಾಗದ ಹುಲ್ಲನ್ನು ದನಗಳು ಸಾಮಾನ್ಯವಾಗಿ ಬಿಟ್ಟೇ ಮೇಯುತ್ತವೆ.

ನಾಲ್ಕರಲ್ಲಿ ಮೂರು ಜರ್ಸಿ ಮಿಶ್ರತಳಿ, ಒಂದು ಮಲೆನಾಡು ಗಿಡ್ಡ. ಗಿಡ್ಡ ಎಲ್ಲಕ್ಕಿಂತ ಮೇಲಿನ ದರೆಯ ಅಂಚಿನಲ್ಲಿತ್ತು, ಮೇಕೆಗೂ ಕಷ್ಟವೆನಿಸುವ ಜಾಗ. ಜರ್ಸಿಗಳು ಸಮತಟ್ಟಿನಲ್ಲೇ ಒಂದರ ಹಿಂದೊಂದು. ಹತ್ತಿರ ಹೋದಾಗ ಒಂದು ತಲೆಯೆತ್ತಿ ನನ್ನನ್ನು ಬಹಳ ಹೊತ್ತು ನೋಡಿತು. ಕಿವಿಯಲ್ಲಿ ಹಳದಿ ಬಿಲ್ಲೆ, ಅದರ ಮೇಲೆ 12 ಅಂಕಿ. ಉಳಿದೆರಡು ಲಕ್ಷ್ಯವನ್ನೇ ಕೊಡಲಿಲ್ಲ.

ಕುಕ್ಕರಗಾಲಲ್ಲಿ ಕೂತು ಮೇಯುವುದನ್ನು ನೋಡಿದೆ. ನಾಲಿಗೆ ಹೊರಗೆ ಬಂದು ಹುಲ್ಲಿನ ಹಿಡಿಯನ್ನು ಸುತ್ತಿಕೊಳ್ಳುತ್ತದೆ, ಕೆಳ ಹಲ್ಲಿಗೂ ಮೇಲಿನ ಒಸಡಿಗೂ ನಡುವೆ ಒತ್ತುತ್ತದೆ, ತಲೆಯ ಒಂದು ಎಳೆತಕ್ಕೆ ಚರಕ್ ಎಂದು ಹರಿಯುತ್ತದೆ. ಮೇಲ್ದವಡೆಯ ಮುಂದೆ ದನಕ್ಕೆ ಹಲ್ಲೇ ಇಲ್ಲ. ಕತ್ತರಿಸುವುದಕ್ಕಿಂತ ಕೀಳುವುದೇ ಹೆಚ್ಚು. ಮೂಗಿನ ಬಳಿ ಬೆಳ್ಳಕ್ಕಿಯೊಂದು ಹುಳಕ್ಕಾಗಿ ಹೆಜ್ಜೆಗೆ ಹೆಜ್ಜೆ ಹಾಕುತ್ತಿತ್ತು.

ಇದ್ದಕ್ಕಿದ್ದಂತೆ ಚಿಕ್ಕ ಕಡಸೊಂದು ಬಾಲ ನಿಗುರಿಸಿ ಓಟ ಕಿತ್ತಿತು. ಇಳಿಜಾರಿನ ತುದಿಯವರೆಗೆ ಹೋಗಿ, ಹಿಂಗಾಲು ಝಾಡಿಸಿ, ತಿರುಗಿ ಬಂದು ಏನೂ ಆಗಿಲ್ಲವೆಂಬಂತೆ ಮೇಯತೊಡಗಿತು. ಖುಷಿಯೋ? ನೊಣ ಕಚ್ಚಿತೋ? ನನಗೆ ಖುಷಿಯೆಂದೇ ಅನ್ನಿಸಿತು. ಆದರೆ ಪೇಟೆಯಿಂದ ಬಂದವನಿಗೆ ಹಾಗೆ ಅನ್ನಿಸುವುದು ಸಹಜವೇ. ಕಾಲಿನ ಸಂದಿಯಲ್ಲಿ ಉಣ್ಣೆ ಕಚ್ಚಿಕೊಂಡಿದ್ದೂ ಕಂಡಿತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗಿನಿಂದ ಈ ಸೀಮೆಯಲ್ಲಿ ಉಣ್ಣೆ ಎಂದರೆ ಬರೀ ದನದ ಚಿಂತೆಯಲ್ಲ. ಸಂಜೆ ಬಂದ ಮೇಲೆ ಮೈಯೆಲ್ಲ ತಡವಿ ಹೆಕ್ಕುತ್ತಾರಂತೆ.

ಇಳಿದು ಬಂದು ಅಮ್ಮನನ್ನು ಕೇಳಿದೆ, ಕರೆಯುವ ಹಸುಗಳನ್ನು ಯಾಕೆ ಮೇಲೆ ಬಿಡುವುದಿಲ್ಲ ಎಂದು.

"ಡೇರಿಗೆ ಹಾಲು ಹೊತ್ತಿಗೆ ಸರಿಯಾಗಿ ಮುಟ್ಟಬೇಕಲ್ಲ. ಅವುಗಳ ಹಿಂದೆ ಗುಡ್ಡ ಹತ್ತುವವರು ಯಾರು?"

ಹಾಲಿನ ಲೆಕ್ಕಕ್ಕೆ ಸೇರಿದೊಡನೆ ಹಗ್ಗ. ಲೆಕ್ಕಕ್ಕೆ ಇನ್ನೂ ಸೇರದವಕ್ಕೆ ಬೇಣ. ದೂರಲು ನನಗೆ ಬಾಯಿ ಬರಲಿಲ್ಲ. ಮನೆಯಲ್ಲಿ ಕೈಗಳು ಕಡಿಮೆ, ಮಕ್ಕಳು ಬೆಂಗಳೂರಿನಲ್ಲಿ. ಆದರೂ ಖಾಲಿ ಗೂಟದ ಕಡೆ ಕಣ್ಣು ಹೋಯಿತು. ನನ್ನನ್ನು ದಿಟ್ಟಿಸಿದ ಆ ಜರ್ಸಿಗೆ ಈಗ ಏಳು ತಿಂಗಳು ತುಂಬಿದೆ. ದನದ ಗರ್ಭ ಸುಮಾರು ಒಂಬತ್ತು ತಿಂಗಳು ಹತ್ತು ದಿನ. ಮುಂದಿನ ವಾರದಿಂದ ಹಿಂಡಿ ಹೆಚ್ಚಿಸುತ್ತಾರೆ, ಗುಡ್ಡಕ್ಕೆ ಬಿಡುವುದಿಲ್ಲ.

"ಕರು ಹಾಕಿದ ಮೇಲೆ?"

"ನೋಡಬೇಕು. ಬೆಳಗಿನ ಹಾಲು ಕರೆದ ಮೇಲೆ ಎರಡು ತಾಸು ಬಿಡಬಹುದೇನೋ," ಎಂದವರು ಕಲಗಚ್ಚಿನ ಬಕೆಟ್ ಎತ್ತಿಕೊಂಡು ಒಳಗೆ ನಡೆದರು.