‘ಮೊದಲಿನಂತೆ’ ಆಗಲೇಬೇಕಾ?

ಮೆದುಳಿನ ವಿಜ್ಞಾನಿಗೇ ಸ್ಟ್ರೋಕ್ ಆದರೆ?

1996ರ ಡಿಸೆಂಬರ್ 10. ಅಮೆರಿಕದ ಮೆದುಳಿನ ವಿಜ್ಞಾನಿ ಜಿಲ್ ಬೋಲ್ಟಿ ಟೇಲರ್ ಅವರಿಗೆ ಆಗ 37 ವರ್ಷ. ಎಡ ಮೆದುಳಿನಲ್ಲಿ ರಕ್ತನಾಳ ಒಡೆಯಿತು. ಕೆಲವೇ ಗಂಟೆಗಳಲ್ಲಿ ನಡಿಗೆ, ಮಾತು, ಓದು, ಬರಹ, ಹಿಂದಿನ ಬದುಕಿನ ನೆನಪು ಎಲ್ಲವೂ ಹೋಯಿತು.

ಶಸ್ತ್ರಚಿಕಿತ್ಸೆ ಮಾಡಿ ಹೆಪ್ಪುಗಟ್ಟಿದ ರಕ್ತ ತೆಗೆದರು. ಆಮೇಲೆ ಅಮ್ಮನೇ ಗುರು. ಮಗುವಿಗೆ ಕಲಿಸಿದಂತೆ ಎಲ್ಲ ಮೊದಲಿನಿಂದ. ಪೂರ್ತಿ ಚೇತರಿಕೆಗೆ ಹಿಡಿದದ್ದು 8 ವರ್ಷ!

ಇದು ಹೇಗೆ ಸಾಧ್ಯ? ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ, ಉಳಿದ ನರಕೋಶಗಳು ಹೊಸ ಸಂಪರ್ಕ ಬೆಳೆಸಿಕೊಳ್ಳುತ್ತವೆ.

ಆದರೆ ಹಳೆಯ ಜಿಲ್ ವಾಪಸ್ ಬರಲಿಲ್ಲ. ಹಳೆಯ ಸಿಟ್ಟು, ಸೆಡವು ಮತ್ತೆ ಬೇಡ ಅಂತ ಅವರೇ ಬಿಟ್ಟರು.

ನಿಮ್ಮ ಮನೆಯಲ್ಲೂ ಚೇತರಿಸಿಕೊಳ್ಳುತ್ತಿರುವವರು ಇದ್ದಾರಾ? ‘ಮೊದಲಿನಂತೆ ಯಾವಾಗ ಆಗ್ತೀರಿ?’ ಅಂತ ಕೇಳಬೇಡಿ. ‘ಇವತ್ತು ಏನು ಮಾಡೋಣ?’ ಅಂತ ಕೇಳಿ.