ಬೀಜದ ವಿಗ್ರಹವಾಕ್ಯ

ಸಮಾಸಪದವನ್ನು ಕಂಡೊಡನೆ ವಿಗ್ರಹವಾಕ್ಯ ಮಾಡಿ ಅದರ ಪೂರ್ವೋತ್ತರಪದಗಳನ್ನು ಗುರುತಿಸುವುದು ವೈಯಾಕರಣರ ಕ್ರಮ. ಸಂಕರಬೀಜವೂ ಒಂದು ಬಗೆಯ ಸಮಾಸವೇ. ಅದರ ತಾಯಿತಂದೆಗಳನ್ನು ಬಿಡಿಸಿ ತೋರಿಸುವ ಕಾರ್ಯವನ್ನು ಇಂದು ಜೀವರಸಾಯನ ಪ್ರಯೋಗಶಾಲೆಯು ನೆರವೇರಿಸುತ್ತಿದೆ.

1972ರಲ್ಲಿ ಧಾರವಾಡದ ಕೃಷಿವಿಜ್ಞಾನಿಗಳು ನಾಡಿಗಿತ್ತ ವರಲಕ್ಷ್ಮೀ ಹತ್ತಿಯನ್ನೇ ನೋಡೋಣ. ಇದರ ತಾಯಿ ‘ಲಕ್ಷ್ಮೀ’ ತಳಿ. ತಂದೆ ಬೇರೊಂದು ಪ್ರಭೇದದ ‘ಎಸ್.ಬಿ. 289-ಇ’. ಸಂಜೆ ತಾಯಿಗಿಡದ ಮೊಗ್ಗಿನಿಂದ ಕೇಸರಗಳನ್ನು ಕೈಯಿಂದ ತೆಗೆದು, ಮರುದಿನ ಬೆಳಿಗ್ಗೆ ತಂದೆಗಿಡದ ಪರಾಗವನ್ನು ಸೋಕಿಸಿದರೆ ಸಂಕರಬೀಜವು ಕಟ್ಟುತ್ತದೆ. ಕೇಸರಗಳು ಉಳಿದುಹೋದರೆ ಸ್ವಪರಾಗದಿಂದ ಬರಿಯ ತಾಯಿತಳಿಯ ಬೀಜವೂ ಹುಟ್ಟಬಹುದು. ನೋಟಕ್ಕೆ ಎರಡೂ ಒಂದೇ. ಬೀಜದ ಸಿಪ್ಪೆ ತಾಯಿಯದು. ತಂದೆಯ ಪಾಲಿರುವುದು ಒಳಗಿನ ಭ್ರೂಣದಲ್ಲಿ. ಬಿತ್ತಿ, ಬೆಳೆಸಿ ಪರೀಕ್ಷಿಸಲು ಒಂದು ಹಂಗಾಮೇ ಬೇಕು.

ಪ್ರಯೋಗಶಾಲೆಯಲ್ಲಾದರೋ ಬೀಜವನ್ನು ಅರೆದು ಪ್ರೋಟೀನನ್ನು ತೆಗೆದು, ಲೋಳೆಯಂತಹ ಜೆಲ್ ಹಾಳೆಯಲ್ಲಿಟ್ಟು ವಿದ್ಯುತ್ತನ್ನು ಹಾಯಿಸುತ್ತಾರೆ. ಪಿಷ್ಟದ ಜೆಲ್ ಬಳಸುವ ಕ್ರಮವನ್ನು 1955ರಲ್ಲಿ ಆಲಿವರ್ ಸ್ಮಿಥೀಸ್ ಪ್ರಕಟಿಸಿದರು. ಗಾತ್ರ ಮತ್ತು ವಿದ್ಯುದಂಶಗಳಿಗನುಗುಣವಾಗಿ ಪ್ರೋಟೀನುಗಳು ಬೇರೆ ಬೇರೆ ದೂರ ಸರಿಯುತ್ತವೆ. ಬಣ್ಣ ಹಾಕಿದಾಗ ಪಟ್ಟೆಗಳಾಗಿ ಕಾಣುತ್ತವೆ. ನಿಜವಾದ ಸಂಕರದಲ್ಲಿ ತಾಯಿಯ ಪಟ್ಟೆಯೂ ತಂದೆಯ ಪಟ್ಟೆಯೂ ಕೂಡಿರುತ್ತವೆ. ತಂದೆಯ ಗುರುತೇ ಇಲ್ಲದಿದ್ದರೆ ಅದು ಸಂಕರವಲ್ಲ.

ಕೆಲವು ಕಿಣ್ವಗಳಲ್ಲಿ ಇನ್ನೊಂದು ವಿಶೇಷವುಂಟು. 1960ರಲ್ಲಿ ಡ್ರೂ ಶ್ವಾರ್ಟ್ಸ್ ಮೆಕ್ಕೆಜೋಳದ ಸಂಕರದಲ್ಲಿ, ಎರಡು ಪಟ್ಟೆಗಳ ನಡುವೆ ತಾಯಿಯಲ್ಲಾಗಲಿ ತಂದೆಯಲ್ಲಾಗಲಿ ಇಲ್ಲದ ಮೂರನೆಯದನ್ನು ತೋರಿಸಿದರು. ಜೋಡಿ ಘಟಕಗಳ ಆ ಕಿಣ್ವದಲ್ಲಿ ಒಂದು ಘಟಕ ತಾಯಿಯಿಂದಲೂ ಇನ್ನೊಂದು ತಂದೆಯಿಂದಲೂ ಬಂದು ಕೂಡಿದ್ದವು. ಗುಣಸಂಧಿಯಲ್ಲಿ ಅಕಾರ ಇಕಾರಗಳು ಸೇರಿ ಏಕಾರವಾಗುವಂತೆಯೇ ಇದು.

ಈ ಪರೀಕ್ಷೆಗೂ ಮಿತಿಯುಂಟು. ತಾಯಿತಂದೆಗಳ ಪಟ್ಟೆಗಳು ಒಂದೇ ಆಗಿದ್ದರೆ ಪ್ರೋಟೀನು ಮೌನ ತಾಳುತ್ತದೆ. ಬೀಜದ ವಯಸ್ಸು, ಬೆಳವಣಿಗೆಯ ಹಂತಗಳಿಂದಲೂ ಪಟ್ಟೆಗಳು ವ್ಯತ್ಯಾಸಗೊಳ್ಳಬಹುದು. ಆದುದರಿಂದಲೇ ಈಗ ಡಿ.ಎನ್.ಎ. ಗುರುತುಗಳನ್ನು ಹೆಚ್ಚಾಗಿ ಆಶ್ರಯಿಸುತ್ತಾರೆ. ಬೇರು, ಎಲೆ, ಭ್ರೂಣ ಯಾವುದನ್ನು ಕೇಳಿದರೂ ಅವು ಅದೇ ಸಾಕ್ಷ್ಯವನ್ನು ನುಡಿಯುತ್ತವೆ.

ರೈತನು ಬೀಜವನ್ನು ಕೊಳ್ಳುವುದು ಚೀಲದ ಮೇಲಿನ ಹೆಸರನ್ನು ನಂಬಿ. ಆ ನಂಬಿಕೆ ಸುಳ್ಳಾದರೆ ಅದು ತಿಳಿಯುವ ವೇಳೆಗೆ ಹಣ, ಮಳೆ, ದುಡಿಮೆ ಮೂರೂ ಕಳೆದಿರುತ್ತವೆ. ಬಿತ್ತುವ ಮುನ್ನವೇ ಸತ್ಯವನ್ನು ತಿಳಿಸುವುದರಿಂದ ಈ ವಿದ್ಯೆಯು ಆದರಣೀಯವಾಗಿದೆ.